ಕೊಬ್ಬು ಸುಟ್ಟರೆ ವೇಗ ಬರುತ್ತಾ?

ಮೈಯಲ್ಲಿ ಕೊಬ್ಬು ಬೇಕಾದಷ್ಟಿದೆ, ಹಾಗಾಗಿ ದೂರದ ಓಟಕ್ಕೆ ಕೊಬ್ಬಿನ ಆಹಾರವೇ ಸರಿ ಅಂತ ನಾನು ಓದಿದ ಒಂದು ಲೇಖನದಲ್ಲಿ ಬರೆದಿದ್ದಾರೆ. ಮೊದಲರ್ಧ ನಿಜ. ಎರಡನೆಯದಕ್ಕೆ ನನ್ನ ತಕರಾರಿದೆ. ಒಂದು ಲೀಟರ್ ಆಮ್ಲಜನಕ ಬಳಸಿದರೆ ಅನ್ನ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್‌ನಿಂದ ಸುಮಾರು 5 ಕಿಲೋಕ್ಯಾಲರಿ ಸಿಗುತ್ತದೆ, ಕೊಬ್ಬಿನಿಂದ ಸುಮಾರು 4.7. ಏದುಸಿರು ಬಿಡುತ್ತಾ ಓಡುವಾಗ ಆಮ್ಲಜನಕಕ್ಕೆ ಮಿತಿ ಇರೋದರಿಂದ, ಹಿಂದೆ ಬೀಳೋಕೆ ಅಷ್ಟು ವ್ಯತ್ಯಾಸ ಸಾಕು. 2017ರಲ್ಲಿ ಕ್ರೀಡಾ ಆಹಾರ ತಜ್ಞೆ ಲೂಯಿಸ್ ಬರ್ಕ್ ಅವರ ತಂಡ ಉನ್ನತ ಮಟ್ಟದ ವೇಗನಡಿಗೆ ಸ್ಪರ್ಧಿಗಳ ಅಧ್ಯಯನ ಪ್ರಕಟಿಸಿತು. ಕೊಬ್ಬು ಜಾಸ್ತಿ ತಿಂದವರ ಮೈ ಕೊಬ್ಬನ್ನು ಚೆನ್ನಾಗಿಯೇ ಸುಟ್ಟಿತು. ಆದರೆ ಅದೇ ವೇಗಕ್ಕೆ ಆಮ್ಲಜನಕ ಜಾಸ್ತಿ ಬೇಕಾಯಿತು, 10 ಕಿ.ಮೀ. ಸಮಯ ಸುಧಾರಿಸಲಿಲ್ಲ. ಕಾರ್ಬೋಹೈಡ್ರೇಟ್ (ಕಾರ್ಬ್) ಜಾಸ್ತಿ ತಿಂದವರದ್ದು ಸುಧಾರಿಸಿತು.

ನಿಧಾನವಾಗಿ ಇಡೀ ದಿನ ಓಡುವವರ ಕಥೆ ಬೇರೆ, ಒಪ್ಪುತ್ತೇನೆ. ಓಟದ ನಡುವೆ ತಿನ್ನುವ ಕಾರ್ಬ್ ಜೆಲ್ ಕಂಡರೇನೇ ಹೊಟ್ಟೆ ತೊಳಸುವವರೂ ಇದ್ದಾರೆ, ಅಲ್ವಾ?

ತೂಕ ಇಳಿಸೋಕೆ ಕೊಬ್ಬು ಕಮ್ಮಿ ಮಾಡಬೇಕೋ ಕಾರ್ಬ್ ಕಮ್ಮಿ ಮಾಡಬೇಕೋ ಅನ್ನೋ ಜಗಳ ಸುಮ್ನೆ. 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಪ್ರಯೋಗದಲ್ಲಿ 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಮ್ಮಿ, ಇನ್ನೊಂದಕ್ಕೆ ಕಾರ್ಬ್ ಕಮ್ಮಿ ಮಾಡಿಸಿದರು. ವರ್ಷ ಕಳೆದ ಮೇಲೆ ಎರಡೂ ಗುಂಪಿನ ತೂಕ ಹೆಚ್ಚುಕಮ್ಮಿ ಅಷ್ಟಷ್ಟೇ ಇಳಿದಿತ್ತು.

ಕೊಬ್ಬಿನ ಕಡೆ ಹೋಗುವವರು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಮಾತ್ರ ಆಗಾಗ ಪರೀಕ್ಷೆ ಮಾಡಿಸಿ. ಕೆಲವರಿಗೆ ಅದು ಸರ್ರನೆ ಏರುತ್ತದೆ.