ಅವಕಾಶ ಸೃಷ್ಟಿಕರ್ತರ ಸಭೆ

"ಅವಕಾಶಕ್ಕಾಗಿ ಕಾಯುತ್ತ ಕೂರಬೇಡಿ, ನೀವೇ ಸೃಷ್ಟಿಸಿಕೊಳ್ಳಿ." ಈ ಉಪದೇಶವನ್ನು ಕೇಳಲು ನಾವು ಒಂದೂವರೆ ಗಂಟೆ ಕಾಯುತ್ತ ಕೂತಿದ್ದೆವು. ಭಾಷಣಕಾರರು ಬರುವುದು ತಡವಾಗಿತ್ತು. ವೇದಿಕೆಯ ಅವಕಾಶವನ್ನು ಅವರೇನೂ ಸೃಷ್ಟಿಸಿಕೊಂಡಿರಲಿಲ್ಲ. ಸಂಘಟಕರೇ ಕಾರು ಕಳುಹಿಸಿ ಕರೆಸಿಕೊಂಡಿದ್ದರು.

ಹತ್ತನೇ ನಿಮಿಷಕ್ಕೆ ಗ್ಯಾರೇಜು ಬಂತು. ಪುರಾಣಕ್ಕೊಂದು ಅರಣ್ಯವಿದ್ದಂತೆ ಇಂಥ ಭಾಷಣಕ್ಕೊಂದು ಗ್ಯಾರೇಜು ಬೇಕೇ ಬೇಕು. ತಪಸ್ಸು ನಡೆಯುವುದೇ ಅಲ್ಲಿ. ಜೆಫ್ ಬೆಜೋಸ್ ಗ್ಯಾರೇಜಿನಲ್ಲಿ ಅಮೆಜಾನ್ ಶುರು ಮಾಡಿದ ಕಥೆಗೆ ಸಭೆ ಚಪ್ಪಾಳೆ ತಟ್ಟಿತು. 1995ರಲ್ಲಿ ಅವರ ತಂದೆತಾಯಿ ಆ ಕಂಪನಿಗೆ ಸುಮಾರು 2.45 ಲಕ್ಷ ಡಾಲರ್ ಹಾಕಿದ್ದು ಮಾತ್ರ ಗ್ಯಾರೇಜಿನ ಕತ್ತಲಲ್ಲಿ ಯಾರಿಗೂ ಕಾಣಿಸಲಿಲ್ಲ.

ಆಮೇಲೆ ಬಿಲ್ ಗೇಟ್ಸ್ ಸರದಿ. ಮೀಸೆ ಮೂಡುವ ಮೊದಲೇ ಪ್ರೋಗ್ರಾಂ ಬರೆದ ಹುಡುಗ! 1968ರಲ್ಲಿ ಆ ಹುಡುಗನ ಮುಂದೆ ಕಂಪ್ಯೂಟರ್ ಟರ್ಮಿನಲ್ ತಂದಿಟ್ಟವರು ಯಾರು? ಅವನು ಓದುತ್ತಿದ್ದ ಲೇಕ್‌ಸೈಡ್ ಎಂಬ ಖಾಸಗಿ ಶಾಲೆಯ ತಾಯಂದಿರ ಸಂಘ, ಹಳೆಯ ಸಾಮಾನು ಮಾರಿ ಬಂದ ಹಣದಲ್ಲಿ. ಆ ಶಾಲೆ ಇಲ್ಲದಿದ್ದರೆ ಮೈಕ್ರೋಸಾಫ್ಟ್ ಇರುತ್ತಿರಲಿಲ್ಲ ಎಂದು ಗೇಟ್ಸ್ ಅವರೇ ಒಪ್ಪಿಕೊಂಡಿದ್ದಾರೆ. ಪಾಪ, ಅವರಿಗೆ ತಮ್ಮ ಕಥೆಯನ್ನು ಸರಿಯಾಗಿ ಹೇಳಲು ಬರುವುದಿಲ್ಲ.

ನನ್ನ ಪಕ್ಕದ ಕುರ್ಚಿಯ ಹುಡುಗ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಬೆಳಿಗ್ಗೆಯಷ್ಟೇ ಒಂದು ಸಂದರ್ಶನದಲ್ಲಿ "ಹೊಸಬರ ಹುದ್ದೆ ಇದು, ಮೂರು ವರ್ಷದ ಅನುಭವ ಇರಲೇಬೇಕು" ಎನ್ನಿಸಿಕೊಂಡು ಬಂದವನು. ಈಜು ಕಲಿಯದೆ ನೀರಿಗೆ ಕಾಲಿಡಬೇಡ ಎಂದಂತೆ. ಕೆಲಸ ಸಿಗದಿರುವುದು ಅಲ್ಲಿಯವರೆಗೆ ಅವನ ದುರದೃಷ್ಟವಾಗಿತ್ತು. ಭಾಷಣ ಮುಗಿಯುವ ಹೊತ್ತಿಗೆ ಅವನದೇ ತಪ್ಪಾಯಿತು.

ಹುಡುಗ ಕೈ ಎತ್ತಿದ.

"ಸಮಯದ ಅಭಾವದಿಂದ ಪ್ರಶ್ನೆಗಳಿಗೆ ಅವಕಾಶವಿಲ್ಲ" ಎಂದರು ನಿರೂಪಕಿ.

ಶ್ರದ್ಧಾವಂತ ವಿದ್ಯಾರ್ಥಿ, ಪಾಠವಿನ್ನೂ ಬಿಸಿಬಿಸಿಯಾಗಿತ್ತು. ನೇರವಾಗಿ ವೇದಿಕೆ ಹತ್ತಿ ಮೈಕಿಗೆ ಕೈಹಾಕಿದ. ಇಬ್ಬರು ಸ್ವಯಂಸೇವಕರು ರಟ್ಟೆ ಹಿಡಿದು ಅವನನ್ನು ಹೊರಗೆ ಬಿಟ್ಟು ಬಂದರು. ಮುಂದಿನ ಸಾಲಿನವರು ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.

ಅವನ ಪುಸ್ತಕ ಕುರ್ಚಿಯಲ್ಲೇ ಉಳಿದಿತ್ತು. ಕೊಡೋಣವೆಂದು ಹೋದರೆ, ಅವನು ಬಾಗಿಲಿಗೆ ಅಂಟಿಸಿದ್ದ ಸೂಚನೆಯನ್ನು ಓದುತ್ತ ನಿಂತಿದ್ದ: "ಹೊರಹೋದವರಿಗೆ ಮತ್ತೆ ಒಳಬರಲು ಅವಕಾಶವಿರುವುದಿಲ್ಲ."

ನಾನು ಅದನ್ನು ಓದಿ ಮುಗಿಸುವಷ್ಟರಲ್ಲಿ ಬಾಗಿಲು ನನ್ನ ಬೆನ್ನ ಹಿಂದೆ ಮುಚ್ಚಿಕೊಂಡಿತ್ತು.