ಸಾವಯವ ಬೆಲ್ಲಕ್ಕೆ ಪ್ರಮಾಣಪತ್ರ ಬೇಕೇ? ಪರ-ವಿರೋಧ

ಮಂಡ್ಯ ಸೀಮೆಯಲ್ಲಿ ಒಂದೆರಡು ಎಕರೆ ಕಬ್ಬು ಬೆಳೆದು, ರಾಸಾಯನಿಕ ಮುಟ್ಟದೆ ಬೆಲ್ಲ ಮಾಡುವ ರೈತ ಸಾವಯವ ಪ್ರಮಾಣಪತ್ರಕ್ಕೆ ಹಣ, ಸಮಯ ಹಾಕಬೇಕೇ?

ಪರ: ಹೊಲ ನೋಡದವರು ನಂಬುವುದು ಹೇಗೆ?

ಬೆಂಗಳೂರಿನ ಅಂಗಡಿಗಳಲ್ಲಿ ಕಂದು ಬಣ್ಣದ ಬೆಲ್ಲ ಕಂಡರೆ ಸಾಕು, ಅದು ಸಾವಯವ ಎಂದೇ ಜನ ಕೊಳ್ಳುತ್ತಾರೆ. ಬಣ್ಣದಿಂದ ಏನೂ ಸಾಬೀತಾಗುವುದಿಲ್ಲ. ಚೌಳು ಭೂಮಿಯ ಕಬ್ಬಿನ ಬೆಲ್ಲ ತಾನಾಗಿಯೇ ಕಪ್ಪಾಗುತ್ತದೆ. ಗದ್ದೆಗೆ ಮೂಟೆಗಟ್ಟಲೆ ಯೂರಿಯಾ ಹಾಕಿ, ಆಲೆಮನೆಯಲ್ಲಿ ಮಾತ್ರ ಬೆಲ್ಲದ ಬಣ್ಣ ಬಿಳಿಚಿಸುವ ಹೈಡ್ರೋಸ್ ಎಂಬ ರಾಸಾಯನಿಕ ಬಳಸದೆ ಬಿಟ್ಟರೂ ಅಚ್ಚು ಕಂದಾಗಿಯೇ ಇಳಿಯುತ್ತದೆ. ಇನ್ನೊಬ್ಬ ರೈತ ವರ್ಷಗಟ್ಟಲೆ ಸೆಗಣಿ-ಗಂಜಲದ ಜೀವಾಮೃತ ಕೊಟ್ಟು, ಕಬ್ಬಿನ ತರಗು ಸುಡದೆ ಸಾಲಿಗೆ ಹೊದಿಸಿ, ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆಯಿಂದ ಕೊಪ್ಪರಿಗೆಯ ಮಡ್ಡಿ ತೆಗೆಯುತ್ತಾನೆ. ಕೊನೆಗೆ ಇಬ್ಬರ ಬೆಲ್ಲವೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕೂರುತ್ತದೆ, ಬೆಲೆಯಲ್ಲೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಇಷ್ಟೆಲ್ಲ ಕಷ್ಟಪಟ್ಟವನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇಕಿಲ್ಲ. ಇಬ್ಬರನ್ನೂ ಬೇರೆ ಮಾಡಿ ತೋರಿಸಲು ಪ್ರಮಾಣಪತ್ರವೇ ಬೇಕು.

ಕಾನೂನೂ ಇದನ್ನೇ ಹೇಳುತ್ತದೆ. 2017ರ ಸಾವಯವ ಆಹಾರ ನಿಯಮಗಳ ಪ್ರಕಾರ ಅಂಗಡಿಯಲ್ಲಿ ‘ಸಾವಯವ’ ಎಂದು ಮಾರಲು ಎರಡು ದಾರಿಗಳಿವೆ. ಒಂದು, ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುವ ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ). ಇನ್ನೊಂದು, ರೈತರೇ ಪರಸ್ಪರ ಹೊಲ ನೋಡಿ ಒಪ್ಪಿಗೆ ಕೊಡುವ ಪಿಜಿಎಸ್. ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು ಮೀರದ ಸಣ್ಣ ಉತ್ಪಾದಕರು ಗ್ರಾಹಕರಿಗೆ ನೇರವಾಗಿ ಮಾರಿದರೆ ವಿನಾಯಿತಿ ಉಂಟು, ನಿಜ. ಆದರೆ ಅವರು ಪ್ರಮಾಣಿತ ಸಾವಯವ ಆಹಾರದ ಗುರುತಾದ ‘ಜೈವಿಕ ಭಾರತ್’ ಚಿಹ್ನೆ ಹಾಕುವಂತಿಲ್ಲ. ನೆಂಟರು, ಪರಿಚಿತರು, ಪರಿಚಿತರ ಪರಿಚಿತರು ಕೊಂಡು ಮುಗಿದ ಮೇಲೆ ಉಳಿದ ಬೆಲ್ಲ ಮತ್ತೆ ಮಂಡಿಗೇ ಹೋಗಬೇಕು. ಅಲ್ಲಿ ಬೆಲೆ ಸಿಗುವುದು ಬಿಳಿಚಿದ ಬೆಲ್ಲಕ್ಕೆ.

ಖರ್ಚಿನ ಭಯವನ್ನು ಗುಂಪು ಕಟ್ಟಿ ಇಳಿಸಿಕೊಳ್ಳಬಹುದು. ಪಿಜಿಎಸ್‌ಗೆ ಐವರು ರೈತರು ಸಾಕು. ಎನ್‌ಪಿಒಪಿಯಲ್ಲಿ 25ರಿಂದ 500 ರೈತರು ಒಂದೇ ಗುಂಪಾಗಿ ಶುಲ್ಕ ಹಂಚಿಕೊಳ್ಳಬಹುದು. ರಾಜ್ಯ ಸರ್ಕಾರದ್ದೇ ಒಂದು ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಇದೆ.

ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಪ್ರಮಾಣಪತ್ರಕ್ಕಾಗಿ ಬರೆಯಲೇಬೇಕಾದ ದಾಖಲೆ ಪುಸ್ತಕಕ್ಕೆ. ನಿಮ್ಮ ಬೆಲ್ಲ ಕಿಲೋಗೆ ಎಷ್ಟು ಎಂದು ಕೇಳಿದರೆ ನಮ್ಮ ರೈತರು ಮಂಡಿಯ ದರ ಹೇಳುತ್ತಾರೆ, ತಮಗೆ ಬಿದ್ದ ಖರ್ಚು ಹೇಳುವುದಿಲ್ಲ. ಯಾವ ದಿನ ಎಷ್ಟು ಗೊಬ್ಬರ, ಎಷ್ಟು ಆಳು, ಕಟಾವಿನ ಕೂಲಿ, ಗಾಡಿ ಬಾಡಿಗೆ, ಆಲೆಮನೆಯ ಬಾಡಿಗೆ, ಮನೆಯವರು ದುಡಿದ ದಿನಗಳು: ಇವೆಲ್ಲ ಒಂದು ವರ್ಷ ಸಾಲಾಗಿ ಬರೆದಿದ್ದರೆ ಯಾವ ಬೆಲೆಗಿಂತ ಕೆಳಗೆ ಮಾರಬಾರದು ಎಂಬುದು ಸ್ಪಷ್ಟವಾಗುತ್ತದೆ. ತಪಾಸಣೆಗೆ ಯಾರೋ ಬರುತ್ತಾರೆ ಎಂಬ ಒತ್ತಡವಿಲ್ಲದಿದ್ದರೆ ಆ ಪುಸ್ತಕ ಯುಗಾದಿಗೆ ಶುರುವಾಗಿ ಆಷಾಢಕ್ಕೆ ನಿಂತುಹೋಗುತ್ತದೆ.

ವಿರೋಧ: 125 ಮನೆಗಳ ಲೆಕ್ಕ

ಎಕರೆಗೆ 30 ಟನ್ ಕಬ್ಬು, ಕ್ವಿಂಟಲ್ ಕಬ್ಬಿಗೆ 10 ಕಿಲೋ ಬೆಲ್ಲ ಎಂದು ಹಿಡಿಯೋಣ. ಒಂದು ಎಕರೆಗೆ 3 ಟನ್ ಬೆಲ್ಲವಾಯಿತು. ತಿಂಗಳಿಗೆ 2 ಕಿಲೋ ಬಳಸುವ ಮನೆಗೆ ವರ್ಷಕ್ಕೆ 24 ಕಿಲೋ ಬೇಕು. ಅಂದರೆ 125 ಮನೆಗಳು ಸಿಕ್ಕರೆ ಬೆಳೆಯೆಲ್ಲ ಖರ್ಚಾಯಿತು. ಮೈಸೂರು, ಬೆಂಗಳೂರಿನ ಒಂದು ಸಾಧಾರಣ ವಸತಿ ಸಮುಚ್ಚಯದಲ್ಲೇ ಅದಕ್ಕಿಂತ ಹೆಚ್ಚು ಮನೆಗಳಿರುತ್ತವೆ. ಕಿಲೋಗೆ 100 ರೂಪಾಯಿ ಎಂದರೂ ವಹಿವಾಟು 3 ಲಕ್ಷ. ವಿನಾಯಿತಿಯ 12 ಲಕ್ಷ ಮುಟ್ಟಬೇಕಾದರೆ ನಾಲ್ಕು ಎಕರೆ ಬೇಕು. ಇಷ್ಟು ಚಿಕ್ಕ ವ್ಯಾಪಾರಕ್ಕೆ ಕಪಾಟೂ ಬೇಡ, ಚಿಹ್ನೆಯೂ ಬೇಡ.

ಹೊಲದ ಕಷ್ಟ ಬೇರೆ. ಪಕ್ಕದವರ ಔಷಧಿ ತಾಗದಂತೆ ಅಂಚಿನಲ್ಲಿ ಜಾಗ ಬಿಡಬೇಕು. ಚೌಕಾಕಾರದ ಒಂದು ಎಕರೆಯ ಸುತ್ತ ಬರೀ 3 ಮೀಟರ್ ಬಿಟ್ಟರೂ 40 ಗುಂಟೆಯಲ್ಲಿ 7 ಗುಂಟೆ ಹೋಯಿತು. ನಾಲೆಯ ನೀರು ಮೇಲಿನ ಗದ್ದೆಯಿಂದ ಹರಿದು ಬರುವ ಕಡೆ ಅದೂ ಸಾಲುವುದಿಲ್ಲ. ಇನ್ನು ಆಲೆಮನೆ. ಬೆಲ್ಲಕ್ಕೆ ಎನ್‌ಪಿಒಪಿ ಪ್ರಮಾಣಪತ್ರ ಬೇಕೆಂದರೆ ಕಬ್ಬಿನ ಜೊತೆಗೆ ಆಲೆಮನೆಯೂ ತಪಾಸಣೆಗೆ ಒಳಪಡಬೇಕು. ಸಣ್ಣ ರೈತನಿಗೆ ಸ್ವಂತ ಆಲೆಮನೆ ಎಲ್ಲಿದೆ? ಹಿಂದಿನ ದಿನ ಅದೇ ಕೊಪ್ಪರಿಗೆಯಲ್ಲಿ ಇನ್ನೊಬ್ಬರ ಪಾಕಕ್ಕೆ ಹೈಡ್ರೋಸ್ ಬಿದ್ದಿರುತ್ತದೆ. ನಮ್ಮ ಸರದಿಗೆ ನಾವು ಉಜ್ಜಿ ತೊಳೆದುಕೊಳ್ಳುತ್ತೇವೆ, ಸರಿ. ಆದರೆ 3 ಟನ್ ಬೆಲ್ಲದ ಗಿರಾಕಿಗಾಗಿ ಆಲೆಮನೆಯ ಮಾಲೀಕ ತನ್ನ ಲೆಕ್ಕವೆಲ್ಲ ತೆರೆದಿಡುತ್ತಾನೆ ಎಂದು ನಿರೀಕ್ಷಿಸುವುದು ಹೇಗೆ? ಪಿಜಿಎಸ್‌ಗೆ ಐವರು ಸಾಕು ಎನ್ನುತ್ತಾರೆ. ಆ ಐವರು ಅಕ್ಕಪಕ್ಕದಲ್ಲೇ ಸಿಗುವ ಊರುಗಳು ನಮ್ಮಲ್ಲಿ ಹೆಚ್ಚಿಲ್ಲ.

ಎನ್‌ಪಿಒಪಿಯಲ್ಲಿ ಪರಿವರ್ತನೆಯ ಅವಧಿ, ಅಂದರೆ ರಾಸಾಯನಿಕ ಬಿಟ್ಟ ಮೇಲೆ ಭೂಮಿ ಸಾವಯವ ಎನಿಸಿಕೊಳ್ಳಲು ಕಾಯಬೇಕಾದ ಕಾಲ, ವಾರ್ಷಿಕ ಬೆಳೆಗೆ ಎರಡು ವರ್ಷ, ಬಹುವಾರ್ಷಿಕ ಬೆಳೆಗೆ ಮೂರು ವರ್ಷ. ಇಳುವರಿ ಇಳಿಯುವುದೂ ಆಗಲೇ, ಸಾಲ ಏರುವುದೂ ಆಗಲೇ, ‘ಸಾವಯವ’ ಎಂದು ಮಾರುವ ಹಕ್ಕು ಇಲ್ಲದಿರುವುದೂ ಆಗಲೇ. ರೈತ ಕೈಬಿಟ್ಟು ಯೂರಿಯಾಕ್ಕೆ ಮರಳುವುದೂ ಇದೇ ಹೊತ್ತಿನಲ್ಲಿ. ಅವನಿಗೆ ಆಗ ಬೇಕಾದದ್ದು ಕೈಗೆ ದುಡ್ಡು. ಮಂಡಿಯವರಿಂದ ಮುಂಗಡ ತಂದರೆ ಬೆಲ್ಲ ಅವರಿಗೇ, ಅವರು ಹೇಳಿದ ದರಕ್ಕೇ ಹೋಗಬೇಕು. ಅದರ ಬದಲು ಕಟಾವಿಗೆ ಮುಂಚೆ ದೀಪಾವಳಿ ಹೊತ್ತಿಗೆ 125 ಮನೆಗಳಿಂದ ಅರ್ಧ ಹಣ ಪಡೆದರೆ ಕಟಾವಿನ ಕೂಲಿಯೂ ಆಲೆಮನೆಯ ಬಾಡಿಗೆಯೂ ಅದರಲ್ಲೇ ತೀರುತ್ತದೆ. ಮೊದಲ ವರ್ಷ ಇದ್ದದ್ದನ್ನು ಇದ್ದಂತೆ ಹೇಳಿ: ಭೂಮಿ ಇನ್ನೂ ಬದಲಾಗುತ್ತಿದೆ, ನಾವು ಹಾಕುವುದು ಇಷ್ಟು, ಹಾಕದಿರುವುದು ಇಷ್ಟು. ಗಾಣ ಆಡುವ ದಿನ ಕೊಂಡವರನ್ನೇ ಕರೆಯಿರಿ, ಕೊಪ್ಪರಿಗೆಗೆ ಬೀಳುವುದೆಲ್ಲ ಅವರ ಕಣ್ಣೆದುರೇ ಬೀಳಲಿ. ಮಳೆಗಾಲದ ಗಾಳಿಗೆ ಅಚ್ಚು ಬೆವರಿ ಮೆತ್ತಗಾಗುತ್ತದೆ, ಹಾಗಾಗಿ ಆ ತಿಂಗಳುಗಳಿಗೆ ಪುಡಿ ಬೆಲ್ಲ ಮಾಡಿಟ್ಟುಕೊಳ್ಳುವುದು ಲೇಸು.

ಪ್ರಮಾಣಪತ್ರವಿದ್ದರೆ ನಂಬಿಕೆ ತಾನಾಗಿ ಬರುತ್ತದೆ ಎನ್ನುವವರು 2020ರ ಎಳ್ಳಿನ ಪ್ರಕರಣವನ್ನು ನೆನೆಯಬೇಕು. ಯುರೋಪಿಗೆ ಹೋದ ಭಾರತದ ಎಳ್ಳಿನಲ್ಲಿ ಅಲ್ಲಿ ಆಹಾರಕ್ಕೆ ಬಳಸಬಾರದ ಎಥಿಲೀನ್ ಆಕ್ಸೈಡ್ ಎಂಬ ಕ್ರಿಮಿನಾಶಕ ಸಿಕ್ಕಿತು, ಸಾವಯವ ಎಂದು ಹೋದ ಸರಕೂ ಅದರಲ್ಲಿತ್ತು. 2021ರ ಜನವರಿಯಲ್ಲಿ ಅಮೆರಿಕವು ನಮ್ಮ ಪ್ರಮಾಣನ ವ್ಯವಸ್ಥೆಗೆ ಕೊಟ್ಟಿದ್ದ ಮಾನ್ಯತೆಯನ್ನೇ ಕೊನೆಗೊಳಿಸಿತು. ಪ್ರಾಮಾಣಿಕವಾಗಿ ಬೆಳೆದವರ ಕಾಗದದ ಬೆಲೆಯೂ ಅದರೊಂದಿಗೆ ಇಳಿಯಿತು.

ದಾಖಲೆ ಪುಸ್ತಕದ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅದನ್ನು ಇವತ್ತೇ ಶುರು ಮಾಡಬೇಕು, ಮುಂಗಡ ಕೊಟ್ಟ ಯಾವ ಮನೆಯವರು ಕೇಳಿದರೂ ತೋರಿಸಬೇಕು. ಗಿರಾಕಿಗಳು ಹೆಚ್ಚಿ ನಾಲ್ಕು ಎಕರೆಯ ಬೆಲ್ಲವೂ ಸಾಲದ ಕಾಲ ಬಂದರೆ ಅರ್ಜಿ ಹಾಕೋಣ. ಅಷ್ಟು ಹೊತ್ತಿಗೆ ಶುಲ್ಕ ಕಟ್ಟಲು ಸಾಲ ಮಾಡಬೇಕಾಗಿರುವುದಿಲ್ಲ.