ಎಕ್ಸ್ ಯಾವುದು ಅಂತ ಕಿವಿ ಮಾತ್ರ ಹೇಳಲಿ

ದಾವಣಗೆರೆಯ ಸೌಂಡ್ ಸಿಸ್ಟಂ ಅಂಗಡಿಯಾಗಲಿ, ಎಂಜಿನಿಯರಿಂಗ್ ಹಾಸ್ಟೆಲ್ ಆಗಲಿ, ಈ ವಾದ ಮುಗಿಯುವಂಥದ್ದಲ್ಲ. "320ರ ಎಂಪಿ3 ಸಾಕು" ಅಂತ ಒಬ್ಬರು, "ವೇವ್ ಫೈಲೇ ಬೇಕು, ಕಿವಿಗೆ ಗೊತ್ತಾಗುತ್ತೆ" ಅಂತ ಇನ್ನೊಬ್ಬರು. ವೇವ್ ಅಂದರೆ ಕುಗ್ಗಿಸದ ಧ್ವನಿ ಫೈಲು. ಎಂಪಿ3 ಅಂದರೆ ಕೆಲವು ವಿವರ ಬಿಟ್ಟು ಕುಗ್ಗಿಸಿದ್ದು, 320 ಅಂದರೆ ಸೆಕೆಂಡಿಗೆ 320 ಕಿಲೋಬಿಟ್ (ಕೆಬಿಪಿಎಸ್). ಇದನ್ನು ಇತ್ಯರ್ಥ ಮಾಡಲು ಎಬಿಎಕ್ಸ್ ಪರೀಕ್ಷೆ ಇದೆ. ಎ ಒಂದು ಫೈಲು, ಬಿ ಇನ್ನೊಂದು. ಎಕ್ಸ್ ಅವೆರಡರಲ್ಲೊಂದು. ಯಾವುದೆಂದು ಕೇಳಿ ಹೇಳಬೇಕು, ಅಷ್ಟೇ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಮನ್ಸನ್ ಮತ್ತು ಗಾರ್ಡ್ನರ್ 1950ರಲ್ಲೇ ಇದರ ಮೂಲರೂಪ ಪ್ರಕಟಿಸಿದ್ದರು.

ಫೈನಲ್ ಇಯರ್ ಪ್ರಾಜೆಕ್ಟಿಗೆ ಇಂಥ ಸಾಫ್ಟ್‌ವೇರ್ ಬರೆಯಲು ಹೊರಟವರಿಗೆ ಒಂದು ಮಾತು. ಬಟನ್ನು, ಬಣ್ಣ, ಗ್ರಾಫು ಎಲ್ಲ ಆಮೇಲೆ. ಗುಣಮಟ್ಟದ ವ್ಯತ್ಯಾಸ ಬಿಟ್ಟು ಬೇರೆ ಯಾವ ದಾರಿಯಿಂದಲೂ ಎಕ್ಸ್‌ನ ಸುಳಿವು ಸೋರಬಾರದು. ನಿಜವಾದ ಕೆಲಸ ಇರುವುದು ಅಲ್ಲೇ.

ಹೆಚ್ಚು ಸೋರುವುದು ವಾಲ್ಯೂಮಿನಿಂದ. ಒಂದು ಫೈಲು ಅರ್ಧ ಡೆಸಿಬಲ್ ಜೋರಿದ್ದರೆ ಕೇಳುವವರು "ಇದು ಜೋರಿದೆ" ಅನ್ನುವುದಿಲ್ಲ, "ಇದು ಕ್ಲಿಯರ್ ಇದೆ" ಅನ್ನುತ್ತಾರೆ. ಎರಡನ್ನೂ 0.1 ಡೆಸಿಬಲ್ ಒಳಗೆ ಸರಿದೂಗಿಸಿ. ಪೀಕ್, ಅಂದರೆ ಧ್ವನಿಯಲೆಯ ತುತ್ತತುದಿ ನೋಡಿ ಸರಿದೂಗಿಸಬೇಡಿ, ಎಂಪಿ3 ಮಾಡಿದಾಗ ಪೀಕ್‌ಗಳು ಬದಲಾಗುತ್ತವೆ. ಸರಾಸರಿ ಮಟ್ಟ ಅಳೆದು, ಜೋರಿರುವುದನ್ನು ತಗ್ಗಿಸಿ.

ಆಮೇಲೆ ಸಮಯ. ಎಂಪಿ3 ತಯಾರಿಸುವ ಲೇಮ್ ಎನ್‌ಕೋಡರ್ 576 ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ) ತಡ ಸೇರಿಸುತ್ತದೆ, ಅದನ್ನು ಮತ್ತೆ ಬಿಡಿಸುವ ಡಿಕೋಡರ್ ಇನ್ನೂ 529. ಒಟ್ಟು 1105, ಅಂದರೆ 44.1 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 44,100 ಸ್ಯಾಂಪಲ್) ಸುಮಾರು 25 ಮಿಲಿಸೆಕೆಂಡ್. ಇದನ್ನು ಕತ್ತರಿಸದಿದ್ದರೆ ಎಯಿಂದ ಬಿಗೆ ಹಾರಿದಾಗ ತಾಳ ಎಡವುತ್ತದೆ, ಗುಟ್ಟು ರಟ್ಟಾಗುತ್ತದೆ. ಕೆಲವು ಡಿಕೋಡರ್‌ಗಳು ತಾವೇ ಕತ್ತರಿಸುತ್ತವೆ, ಕೆಲವು ಇಲ್ಲ. ಹಾಗಾಗಿ ಲೆಕ್ಕ ನಂಬದೆ ಕ್ರಾಸ್ ಕೋರಿಲೇಶನ್ ಮಾಡಿ, ಅಂದರೆ ಒಂದನ್ನು ಇನ್ನೊಂದರ ಮೇಲೆ ಸರಿಸುತ್ತಾ ಎಲ್ಲಿ ಹೆಚ್ಚು ಹೊಂದುತ್ತದೆಂದು ಲೆಕ್ಕ ಹಾಕಿ, ಸ್ಯಾಂಪಲ್ ಮಟ್ಟಕ್ಕೆ ಹೊಂದಿಸಿ.

ಬದಲಾಯಿಸುವಾಗ ಟಪ್ಪೆನ್ನದಿರಲು 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್ (ಒಂದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸುವುದು) ಸಾಕು. ಆದರೆ ಅದು ನೇರ ಗೆರೆಯದ್ದಾಗಿರಲಿ. ಮ್ಯೂಸಿಕ್ ಸಾಫ್ಟ್‌ವೇರಿನಲ್ಲಿ ರೂಢಿಯಲ್ಲಿರುವ ಈಕ್ವಲ್ ಪವರ್ ಫೇಡ್ ಹಾಕಿದರೆ, ಎರಡೂ ಕಡೆ ಒಂದೇ ಸಂಗೀತವಿರುವುದರಿಂದ ನಡುವೆ 3 ಡೆಸಿಬಲ್ ಉಬ್ಬು ಬರುತ್ತದೆ. ಎಕ್ಸ್ ಮತ್ತು ಎ ಒಂದೇ ಫೈಲಾಗಿದ್ದರೂ ಫೇಡ್ ನಡೆಯಲೇಬೇಕು. ಇಲ್ಲದಿದ್ದರೆ ಫೇಡ್ ಇಲ್ಲದಿರುವುದೇ ಸುಳಿವು.

ಬ್ರೌಸರಿನಲ್ಲಿ ಮಾಡುವವರು ಎಂಪಿ3 ಕಳಿಸಲೇಬಾರದು. ಫೈಲಿನ ಹೆಸರು, ಗಾತ್ರ, ಲೋಡ್ ಆಗುವ ಹೊತ್ತು ಎಲ್ಲವೂ ಬಾಯಿಬಿಡುತ್ತವೆ. ಮೊದಲೇ ಡಿಕೋಡ್ ಮಾಡಿ, ಒಂದೇ ಸ್ಯಾಂಪಲ್ ರೇಟಿಗೆ ತಂದು, ಎರಡನ್ನೂ ಒಂದೇ ಉದ್ದದ ವೇವ್ ಮಾಡಿ, ಶುರುವಿಗೂ ಮುಂಚೆ ಪೂರ್ತಿ ಮೆಮೊರಿಗೆ ತುಂಬಿ. ಬ್ಲೂಟೂತ್ ಹೆಡ್‌ಫೋನ್ ಬೇಡ, ಅದು ಸಾಮಾನ್ಯವಾಗಿ ಎರಡನ್ನೂ ಮತ್ತೊಮ್ಮೆ ಕುಗ್ಗಿಸಿಯೇ ಕಳಿಸುತ್ತದೆ.

ಯಾವ ತುಣುಕು ಕೇಳಿಸಬೇಕು? ನಮ್ಮ ಕಡೆಯ ವೀರಗಾಸೆ ಕುಣಿತದ ಸಮಾಳ ವಾದ್ಯಕ್ಕಿಂತ ಒಳ್ಳೆಯ ಸಾಮಗ್ರಿ ಹುಡುಕಬೇಕಿಲ್ಲ. ನಿಶ್ಶಬ್ದದಿಂದ ಒಮ್ಮೆಲೇ ಏಟು ಬಿದ್ದಾಗ ಎಂಪಿ3 ಆಗಿ ಕುಗ್ಗಿಸುವಾಗ ಹುಟ್ಟುವ ಗದ್ದಲ ಏಟಿಗಿಂತ ಮುಂಚೆಯೇ ಹರಡಿಕೊಳ್ಳುತ್ತದೆ. ಏಟು ತನಗಿಂತ ಹಿಂದಿನ ಶಬ್ದವನ್ನು ಮರೆಮಾಚುವುದು ಕೆಲವೇ ಮಿಲಿಸೆಕೆಂಡು. ಅದಕ್ಕೂ ಹಿಂದೆ ಉಳಿದದ್ದು "ಸ್‌ಸ್" ಅಂತ ಕೇಳುತ್ತದೆ, ಏಟಿನ ಮೊನೆ ಮೊಂಡಾಗುತ್ತದೆ. ಚಿತ್ರದುರ್ಗದ ಕಡೆಯ ಸೋಬಾನೆ ಪದ, ವಾದ್ಯವಿಲ್ಲದ ಹೆಂಗಸರ ಗುಂಪುದನಿ, ಇನ್ನೊಂದು ಬಗೆಯ ಪರೀಕ್ಷೆ. ಐದಾರು ಸೆಕೆಂಡಿನ ಲೂಪು ಸಾಕು. ಅದರ ಆದಿ, ಅಂತ್ಯ ಹಿಡಿಯುವ ಸ್ವಾತಂತ್ರ್ಯ ಕೇಳುವವರಿಗೇ ಇರಲಿ.

ಇನ್ನು ಅಂಕಿಸಂಖ್ಯೆ. 16 ಸುತ್ತು ಅಂತ ಮೊದಲೇ ನಿಗದಿಪಡಿಸಿ, ಕೊನೆಯವರೆಗೆ ಅಂಕ ತೋರಿಸಬೇಡಿ. ತೋರಿಸಿದರೆ ಮುಂದಿರುವಾಗ ನಿಲ್ಲಿಸಿಬಿಡುತ್ತಾರೆ. ಪ್ರತಿ ಸುತ್ತಿನ ಎಕ್ಸ್ ಪ್ರತ್ಯೇಕವಾಗಿ ಆಯ್ಕೆಯಾಗಲಿ. ಎಂಟು ಎ, ಎಂಟು ಬಿ ಅಂತ ಸಮ ಹಂಚಿದರೆ ಎಣಿಸುತ್ತಾ ಕೂತವರಿಗೆ ಲಾಭ. 16ರಲ್ಲಿ 12 ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಬರೀ ಊಹೆಯಿಂದ ಶೇ. 3.8. ಹಾಗಾಗಿ 12 ಮುಟ್ಟಿದವರನ್ನು ಪಾಸು ಅನ್ನಬಹುದು. ಆದರೆ 20 ಜನರನ್ನು ಕೂರಿಸಿದರೆ, ಒಬ್ಬರಾದರೂ ಅದೃಷ್ಟದಿಂದ ಪಾಸಾಗುವ ಸಾಧ್ಯತೆ ಶೇ. 54. "ಅವನ ಕಿವಿ ಬಂಗಾರ" ಅನ್ನುವ ಮೊದಲು ಅವನಿಗೆ ಇನ್ನೊಮ್ಮೆ ಪೂರ್ತಿ ಪರೀಕ್ಷೆ ಕೊಡಿ. ಉಲ್ಟಾ ಕೂಡ ನಿಜ. ಹತ್ತಕ್ಕೆ ಏಳು ಸಲ ನಿಜಕ್ಕೂ ಗುರುತಿಸಬಲ್ಲವರು 16 ಸುತ್ತಿನಲ್ಲಿ 12 ಮುಟ್ಟುವ ಸಾಧ್ಯತೆ ಶೇ. 45 ಮಾತ್ರ. ಫೇಲಾದ ಮಾತ್ರಕ್ಕೆ "ವ್ಯತ್ಯಾಸವೇ ಇಲ್ಲ" ಅಂತ ರಿಪೋರ್ಟಿನಲ್ಲಿ ಬರೆಯುವುದು ತಪ್ಪು.

ಜನರನ್ನು ಕರೆಯುವ ಮುಂಚೆ ಎ, ಬಿ ಎರಡಕ್ಕೂ ಒಂದೇ ವೇವ್ ಫೈಲು ಹಾಕಿ, ಅದರ ಒಂದು ಪ್ರತಿಯನ್ನು ಎಂಪಿ3 ಆಗಿ ಕುಗ್ಗಿಸುವುದೊಂದನ್ನು ಬಿಟ್ಟು ನಿಮ್ಮ ಎಂಪಿ3 ಮಾರ್ಗದ ಉಳಿದೆಲ್ಲ ಹಂತ ದಾಟಿಸಿ. ಅಂಕ ಎಂಟರ ಆಸುಪಾಸು ಓಡಾಡಬೇಕು. ಮತ್ತೆ ಮತ್ತೆ 13, 14 ಬಂದರೆ ಎಲ್ಲೋ ಸೋರುತ್ತಿದೆ. ಆಮೇಲೆ 32 ಕೆಬಿಪಿಎಸ್‌ನ ಕಳಪೆ ಎಂಪಿ3 ಹಾಕಿ ನೋಡಿ. ಗಮನವಿಟ್ಟು ಕೇಳಿದವರಿಗೆ 16ಕ್ಕೆ 16 ಬರದಿದ್ದರೆ ಬಟನ್‌ಗಳ ವೈರಿಂಗೇ ತಪ್ಪಿದೆ.